ಕಾಫಿಪುಡಿಯ ಗುಟ್ಟು ಬಿಚ್ಚಿದ ಡಾಕ್ಟರ್

ಕಾಫಿಪುಡಿಗೆ ಚಿಕೋರಿ ಬೇರು ಬೆರೆಸಿದರೆ ಯಾವ ಪರೀಕ್ಷೆಯಿಂದಲೂ ಪತ್ತೆಯಾಗದು ಎಂದು 1850ರ ಸುಮಾರಿಗೆ ಬ್ರಿಟನ್ನಿನ ಹಣಕಾಸು ಮಂತ್ರಿಯೇ ಪಾರ್ಲಿಮೆಂಟಿನಲ್ಲಿ ಹೇಳಿಬಿಟ್ಟಿದ್ದರು. ಅದನ್ನು ಸುಳ್ಳು ಮಾಡಿದವರು ಡಾ. ಆರ್ಥರ್ ಹಿಲ್ ಹಸಲ್.

1817ರಲ್ಲಿ ಲಂಡನ್ ಸಮೀಪದ ಟೆಡಿಂಗ್ಟನ್‌ನಲ್ಲಿ ಹುಟ್ಟಿದ ಹಸಲ್ ಡಬ್ಲಿನ್ನಿನಲ್ಲಿ ವೈದ್ಯಕೀಯ ಓದಿದರು. ಸಸ್ಯಶಾಸ್ತ್ರದ ಹುಚ್ಚು ಬೇರೆ. ಸಿಹಿನೀರಿನ ಪಾಚಿಗಳ ಮೇಲೆ ಪುಸ್ತಕವನ್ನೇ ಬರೆದಿದ್ದರು. ಆ ಹುಚ್ಚೇ ಮುಂದೆ ಕೈಹಿಡಿಯಿತು. ಕಾಫಿಬೀಜದ ಕೋಶವೇ ಬೇರೆ, ಚಿಕೋರಿ ಬೇರಿನ ಕೋಶವೇ ಬೇರೆ. ಹುರಿದು ಪುಡಿ ಮಾಡಿದರೂ ಸೂಕ್ಷ್ಮದರ್ಶಕದಡಿ ಎರಡೂ ತಮ್ಮ ಗುರುತು ಬಿಟ್ಟುಕೊಡುತ್ತವೆ.

‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕ ಥಾಮಸ್ ವೇಕ್ಲಿ ಇದನ್ನು ಕಂಡು, 1851ರಿಂದ ಸರಣಿ ಪರೀಕ್ಷೆಗಳನ್ನು ಅವರಿಗೆ ಒಪ್ಪಿಸಿದರು. ಹಸಲ್ ಲಂಡನ್ನಿನ ಅಂಗಡಿಗಳಿಂದ ಮಾದರಿ ಕೊಂಡು ತಂದು ಪರೀಕ್ಷಿಸುತ್ತಿದ್ದರು. 34 ಕಾಫಿ ಮಾದರಿಗಳಲ್ಲಿ ಶುದ್ಧವಾಗಿದ್ದುದು ಮೂರೇ. ಪರೀಕ್ಷಿಸಿದ 49 ಬ್ರೆಡ್ಡುಗಳಲ್ಲೂ ಬಿಳುಪಿಗಾಗಿ ಹಾಕಿದ ಪಟಿಕ! ಮಕ್ಕಳ ಮಿಠಾಯಿಯ ಬಣ್ಣದಲ್ಲಿ ಸೀಸದ ವಿಷ. ಮಾರಿದವರ ಹೆಸರು, ವಿಳಾಸವನ್ನು ಪತ್ರಿಕೆ ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿತು. ಇಂಥ ಧೈರ್ಯ ಇವತ್ತಿಗೂ ಅಪರೂಪ.

1855ರಲ್ಲಿ ಸಂಸದೀಯ ಸಮಿತಿ ಕೂತಿತು, ಹಸಲ್ ಮುಖ್ಯ ಸಾಕ್ಷಿಯಾದರು. 1858ರಲ್ಲಿ ಬ್ರಾಡ್‌ಫರ್ಡ್ ಊರಲ್ಲಿ ಆರ್ಸೆನಿಕ್ ಬೆರೆತ ಮಿಠಾಯಿ ತಿಂದು ಸುಮಾರು 20 ಜನ ಸತ್ತರು. 1860ರಲ್ಲಿ ಕಾನೂನು ಬಂತು. ಆದರೆ ವಿಶ್ಲೇಷಕರನ್ನು ನೇಮಿಸುವುದು ಸ್ಥಳೀಯ ಆಡಳಿತದ ಇಷ್ಟಕ್ಕೆ ಬಿಟ್ಟದ್ದು. ಅನುಮಾನ ಬಂದ ಗ್ರಾಹಕನೇ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬೇಕು. ಹೊಟ್ಟೆಪಾಡಿನ ಕೂಲಿಗಾರ ಎಲ್ಲಿಂದ ಕೊಟ್ಟಾನು? ಬಹುತೇಕ ಊರುಗಳಲ್ಲಿ ಕಾನೂನು ಕಾಗದದ ಮೇಲೇ ಉಳಿಯಿತು. ಊರಿನ ಇನ್‌ಸ್ಪೆಕ್ಟರೇ ಅಂಗಡಿಗೆ ಹೋಗಿ ಮಾದರಿ ತರುವ ಏರ್ಪಾಡು 1872ರಲ್ಲಿ ಬಂತು, 1875ರ ಕಾಯ್ದೆ ಅದನ್ನು ಗಟ್ಟಿಗೊಳಿಸಿತು. ಫುಡ್ ಸೇಫ್ಟಿ ಆಫೀಸರ್ ಹುದ್ದೆಗೆ ಓದುತ್ತಿರುವ ಗೆಳೆಯರೇ, ನೀವು ಬಯಸುತ್ತಿರುವ ಕೆಲಸದ ಹಳೆಯ ರೂಪ ಅದೇ.

ಅಷ್ಟರಲ್ಲಿ ಹಸಲ್ ಅವರನ್ನು ಕ್ಷಯ ಹಿಡಿದಿತ್ತು. ಐಲ್ ಆಫ್ ವೈಟ್ ದ್ವೀಪದ ವೆಂಟ್ನರ್‌ಗೆ ಹೋದವರು ಸುಮ್ಮನೆ ಮಲಗಲಿಲ್ಲ, ಅಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. 1894ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ತೀರಿಕೊಂಡರು.

ಚಿಕೋರಿ ಬೆರೆಸಿದರೆ ಪೊಟ್ಟಣದ ಮೇಲೆ ಹಾಗೆಂದು ಅಚ್ಚು ಹಾಕಬೇಕೆಂದು ಬ್ರಿಟಿಷ್ ಸರ್ಕಾರ 1853ರಲ್ಲೇ ವಿಧಿಸಿತ್ತು. ಇವತ್ತು ಲಕ್ಕಲಕಟ್ಟಿಯ ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಬೆರಕೆ ಕಾಫಿಪುಡಿಯ ಪೊಟ್ಟಣದ ಮೇಲೂ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಎಂದು ಬರೆದಿರಲೇಬೇಕು.