ಕೊಡಾಕ್ ಕ್ಯಾಮೆರಾದ ಜನಕ ಜಾರ್ಜ್ ಈಸ್ಟ್‌ಮನ್

ಎದುರಿಗೆ ನಿಂತವರ ಚಿತ್ರ ತೆಗೆಯಬೇಕಾದರೆ ಅವರು ಎಷ್ಟು ಅಡಿ ದೂರದಲ್ಲಿದ್ದಾರೆಂಬುದನ್ನು ಕಣ್ಣಳತೆಯಿಂದಲೇ ಊಹಿಸಿ, ಕ್ಯಾಮೆರಾದ ಮಸೂರವನ್ನು ಹೊಂದಿಸಬೇಕಾಗಿದ್ದ ಕಾಲವೊಂದಿತ್ತು. ಊಹೆ ತಪ್ಪಿದರೆ ಚಿತ್ರ ಮಸುಕಾಗುತ್ತಿತ್ತು. 1916ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಾಕ್ ಕಂಪೆನಿಯು ಈ ತೊಡಕನ್ನು ನಿವಾರಿಸುವ ಕ್ಯಾಮೆರಾವೊಂದನ್ನು ಹೊರತಂದಿತು. ಅದರ ಹೆಸರು 3ಎ ಆಟೋಗ್ರಾಫಿಕ್ ಕೊಡಾಕ್ ಸ್ಪೆಷಲ್. ಸುರುಳಿ ಫಿಲ್ಮಿನಿಂದ ಚಿತ್ರ ತೆಗೆದು, ಕೆಲಸ ಮುಗಿದ ಮೇಲೆ ಚರ್ಮದ ತಿದಿಯನ್ನು ಒಳಕ್ಕೆ ಮಡಿಸಿ ಮುಚ್ಚಿಡಬಹುದಾದ ಯಂತ್ರವದು. ಅದರಲ್ಲಿ ದೂರಮಾಪಕವನ್ನು ಮಸೂರದೊಂದಿಗೇ ಜೋಡಿಸಲಾಗಿತ್ತು. ದೂರಮಾಪಕದಲ್ಲಿ ಒಡೆದಂತೆ ತೋರುವ ಬಿಂಬವನ್ನು ತಿರುಪು ತಿರುಗಿಸಿ ಒಂದುಗೂಡಿಸಿದರೆ, ಮಸೂರವೂ ಅದರೊಡನೆ ಸರಿದು ತಕ್ಕ ಸ್ಥಾನಕ್ಕೆ ಬಂದು ನಿಲ್ಲುತ್ತಿತ್ತು. ಹೀಗೆ ಬಲ್ಲವರಿಗೆ ಮಾತ್ರ ಸಾಧ್ಯವಾಗಿದ್ದುದನ್ನು ಬಾರದವರ ಕೈಗೂ ಎಟುಕಿಸುವುದೇ ಆ ಕಂಪೆನಿಯ ಸ್ಥಾಪಕನ ಜೀವಮಾನದ ಗುರಿಯಾಗಿತ್ತು. ಅವನೇ ಜಾರ್ಜ್ ಈಸ್ಟ್‌ಮನ್.

ಈಸ್ಟ್‌ಮನ್ನನು 1854ರ ಜುಲೈ 12ರಂದು ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ರಾಚೆಸ್ಟರಿನಲ್ಲಿ ವಾಣಿಜ್ಯ ಶಾಲೆಯೊಂದನ್ನು ನಡೆಸುತ್ತಿದ್ದನು. 1862ರಲ್ಲಿ ತಂದೆ ತೀರಿಕೊಂಡಾಗ ಬಾಲಕನಿಗೆ ಎಂಟು ವರ್ಷವೂ ತುಂಬಿರಲಿಲ್ಲ. ತಾಯಿ ಮರಿಯಾ ತನ್ನ ಮನೆಯಲ್ಲಿಯೇ ಪರರಿಗೆ ಊಟ ವಸತಿಗಳನ್ನು ಒದಗಿಸಿ, ಬಂದ ಹಣದಿಂದ ಮಕ್ಕಳನ್ನು ಸಾಕಿದಳು. ಇಬ್ಬರು ಅಕ್ಕಂದಿರಲ್ಲಿ ಒಬ್ಬಳು ಪೋಲಿಯೋ ರೋಗದಿಂದ ಅಂಗವಿಕಲಳಾಗಿದ್ದು 1870ರಲ್ಲಿ ಮರಣಹೊಂದಿದಳು. ಮನೆಯ ಭಾರವನ್ನು ಹೊರಲು ಜಾರ್ಜನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು, ವಿಮಾ ಕಚೇರಿಯೊಂದರಲ್ಲಿ ವಾರಕ್ಕೆ 3 ಡಾಲರ್ ಸಂಬಳಕ್ಕೆ ಸೇರಿದನು. 1874ರಲ್ಲಿ ಬ್ಯಾಂಕಿನ ಗುಮಾಸ್ತನಾದನು.

1877ರಲ್ಲಿ ಪ್ರವಾಸ ಹೋಗಬೇಕೆಂದು ಒಂದು ಕ್ಯಾಮೆರಾ ಕೊಂಡನು. ಅದರೊಡನೆ ಡೇರೆ, ರಾಸಾಯನಿಕ ಸೀಸೆಗಳು, ಗಾಜಿನ ಫಲಕಗಳು ಎಲ್ಲವನ್ನೂ ಹೊರಬೇಕಾಗಿತ್ತು. ಫಲಕಕ್ಕೆ ಲೇಪ ಹಚ್ಚಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಪ್ರವಾಸವೇನೋ ನಿಂತುಹೋಯಿತು, ಆದರೆ ಈ ಹೊರೆಯನ್ನು ಇಳಿಸುವ ಹಂಬಲ ಅವನನ್ನು ಬಿಡಲಿಲ್ಲ. ಹಗಲೆಲ್ಲ ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಒಣ ಫಲಕಗಳ ಪ್ರಯೋಗ ನಡೆಸಿದನು. 1881ರಲ್ಲಿ ಚಾವಟಿ ತಯಾರಕನಾದ ಹೆನ್ರಿ ಸ್ಟ್ರಾಂಗ್ ಎಂಬವನೊಡನೆ ಪಾಲುದಾರಿಕೆಯ ಕಂಪೆನಿ ಸ್ಥಾಪಿಸಿ, ಅದೇ ವರ್ಷ ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆಯಿತ್ತನು. ಮರುವರ್ಷವೇ ಮಾರಿದ ಫಲಕಗಳು ಕೆಟ್ಟುಹೋದವು. ಕಂಪೆನಿ ಮುಳುಗುವ ಭಯವಿದ್ದರೂ ಅವೆಲ್ಲವನ್ನೂ ಹಿಂದಕ್ಕೆ ಪಡೆದು ಬೇರೆ ಫಲಕಗಳನ್ನು ಕೊಟ್ಟನು.

ಮುಂದೆ ಗಾಜಿನ ಬದಲು ಸುರುಳಿ ಫಿಲ್ಮನ್ನು ಬಳಕೆಗೆ ತಂದನು. 1888ರ ಮೊದಲ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ನೂರು ಚಿತ್ರಗಳು ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರ್ ಸಮೇತ ಕಾರ್ಖಾನೆಗೆ ಕಳುಹಿಸಿದರೆ, ಚಿತ್ರಗಳೂ ಹೊಸ ಫಿಲ್ಮು ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. 1900ರಲ್ಲಿ ಬಂದ ಬ್ರೌನಿಯ ಬೆಲೆ ಕೇವಲ 1 ಡಾಲರ್, ಮಕ್ಕಳೂ ಛಾಯಾಗ್ರಾಹಕರಾದರು.

ಈ ಉಜ್ವಲ ಕಥೆಗೆ ಒಂದು ಕಪ್ಪು ಚುಕ್ಕೆಯೂ ಉಂಟು. ಪಾರದರ್ಶಕ ಫಿಲ್ಮಿಗಾಗಿ 1887ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದವನು ಹ್ಯಾನಿಬಲ್ ಗುಡ್ವಿನ್ ಎಂಬ ಪಾದ್ರಿ. ಅವನಿಗೆ ಪೇಟೆಂಟು ದೊರೆತದ್ದು 1898ರಲ್ಲಿ. 1900ರಲ್ಲಿ ಅವನು ತೀರಿಕೊಂಡನು. ಆ ವೇಳೆಗೆ ಈಸ್ಟ್‌ಮನ್ನನ ಫಿಲ್ಮು ಲೋಕವನ್ನೆಲ್ಲ ವ್ಯಾಪಿಸಿತ್ತು. 1914ರಲ್ಲಿ ನ್ಯಾಯಾಲಯದ ತೀರ್ಪು ವಿರುದ್ಧವಾಗಲು, ಕಂಪೆನಿಯು 50 ಲಕ್ಷ ಡಾಲರ್ ತೆರಬೇಕಾಯಿತು. ಆ ನ್ಯಾಯವನ್ನು ಕಣ್ಣಾರೆ ಕಾಣಲು ಗುಡ್ವಿನ್ನನು ಬದುಕಿರಲಿಲ್ಲ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂಥದ್ದನ್ನು ಮರೆಮಾಚುವುದು ಸಲ್ಲದು.

ಆದರೆ ಗಳಿಸಿದ್ದನ್ನು ಈಸ್ಟ್‌ಮನ್ನನು ಹೇಗೆ ವಿನಿಯೋಗಿಸಿದನೆಂಬುದೂ ಅಷ್ಟೇ ಮುಖ್ಯ. ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಗೆ ಅವನು ಕೊಟ್ಟದ್ದು ಒಟ್ಟು ಸುಮಾರು 2 ಕೋಟಿ ಡಾಲರ್. 1912ರಲ್ಲಿ ಆರಂಭವಾದ ಈ ದಾನವನ್ನು ಸ್ಮಿತ್ ಎಂಬ ಕಲ್ಪಿತ ನಾಮದ ಮರೆಯಲ್ಲಿ ಮಾಡಿದನು. ಗುಟ್ಟು ಹೊರಬಿದ್ದದ್ದು 1920ರಲ್ಲಿ. ರಾಚೆಸ್ಟರ್ ವಿಶ್ವವಿದ್ಯಾನಿಲಯಕ್ಕೂ, ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾದ ಟಸ್ಕೀಗಿ ಮತ್ತು ಹ್ಯಾಂಪ್ಟನ್ ಸಂಸ್ಥೆಗಳಿಗೂ ಧಾರಾಳವಾಗಿ ನೀಡಿದನು. ರಾಚೆಸ್ಟರಿನಲ್ಲಿಯೂ ಲಂಡನ್, ರೋಮ್ ಮುಂತಾದ ನಗರಗಳಲ್ಲಿಯೂ ಬಡಮಕ್ಕಳ ದಂತ ಚಿಕಿತ್ಸಾಲಯಗಳನ್ನು ಕಟ್ಟಿಸಿದನು. 1919ರಲ್ಲಿ ತನ್ನ ಷೇರುಗಳಲ್ಲಿ ಮೂರನೆಯ ಒಂದು ಭಾಗವನ್ನು ಕಂಪೆನಿಯ ನೌಕರರಿಗೆ ಬಿಟ್ಟುಕೊಟ್ಟನು.

ಅವನು ಮದುವೆಯಾಗಲಿಲ್ಲ. ಜೀವದಂತಿದ್ದ ತಾಯಿ 1907ರಲ್ಲಿ ತೀರಿಕೊಂಡಳು. ಮುಪ್ಪಿನಲ್ಲಿ ಬೆನ್ನುಹುರಿಯ ಬೇನೆ ಅವನನ್ನು ಹಣ್ಣುಮಾಡಿತು. 1932ರ ಮಾರ್ಚ್ 14ರಂದು, ತನ್ನ ಕೆಲಸ ಮುಗಿಯಿತೆಂದು ಸ್ನೇಹಿತರಿಗೆ ಚೀಟಿ ಬರೆದಿಟ್ಟು, ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಲಕ್ಷಾಂತರ ಕುಟುಂಬಗಳ ನಗುಮುಖಗಳನ್ನು ಉಳಿಸಿಕೊಟ್ಟವನ ಕಡೆಗಾಲ ಇಷ್ಟು ಏಕಾಂಗಿಯಾದುದು ವ್ಯಥೆಯ ಸಂಗತಿ.

ಅವನ ಮನೆ 1949ರಿಂದ ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ. ಫಿಲ್ಮಿನ ಕಾಲ ಹಿಂದೆ ಸರಿದು, 2012ರಲ್ಲಿ ಕಂಪೆನಿಯು ದಿವಾಳಿಯೆಂದು ನ್ಯಾಯಾಲಯದ ರಕ್ಷಣೆ ಕೋರಬೇಕಾಯಿತು. ಆದರೆ ಅವನ ದಾನದಿಂದ ಬೆಳೆದ ವಿದ್ಯಾಲಯಗಳು ಇಂದಿಗೂ ನಡೆಯುತ್ತಿವೆ. ಬಡತನದಿಂದ ಶಾಲೆ ಬಿಟ್ಟ ಹುಡುಗನೊಬ್ಬನು ತಾನು ಕಾಣದ ಕಾಲೇಜುಗಳ ಬಾಗಿಲನ್ನು ಪರರ ಮಕ್ಕಳಿಗೆ ತೆರೆಯಿಸಿದನು. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದ ನಮ್ಮಂಥವರು ಅವನನ್ನು ನೆನೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.