ವಿಷದೊಳಗೆ ರಕ್ಷಣೆಯ ಮರ್ಮವನ್ನರಿತ ಡಾ. ಮ್ಯಾಕ್‌ಫರ್ಲೇನ್

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಶೇಂಗಾ ಹೊಲಗಳಲ್ಲಿ ದುಡಿಯುವ ಒಕ್ಕಲುಮಕ್ಕಳಿಗೆ ಕೊಳಕುಮಂಡಲದ ಭಯವು ಹೊಸತಲ್ಲ. ಅದು ಕಚ್ಚಿದವರ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡು ಒಸಡುಗಳಿಂದಲೂ ಒಸರುವುದುಂಟು. ಈ ಘೋರವಿಷವನ್ನೇ ಸಾಧನವನ್ನಾಗಿ ಮಾಡಿಕೊಂಡು ರಕ್ತದ ಗುಟ್ಟನ್ನು ಶೋಧಿಸಿದ ಮಹನೀಯರು ಇಂಗ್ಲೆಂಡಿನ ರಾಬರ್ಟ್ ಗ್ವಿನ್ ಮ್ಯಾಕ್‌ಫರ್ಲೇನರು.

೧೯೦೭ರಲ್ಲಿ ಜನಿಸಿದ ಇವರು ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಹಿಮೋಫಿಲಿಯಾ ಎಂಬ ಕುಸುಮರೋಗದಿಂದ ಪೀಡಿತರಾದ ಬಾಲಕರಿಗೆ ಆಗ ಹಲ್ಲೊಂದನ್ನು ಕೀಳಿಸುವುದೂ ಪ್ರಾಣಸಂಕಟವಾಗಿದ್ದಿತು. ೧೯೩೪ರಲ್ಲಿ ಇವರು ಲಂಡನ್ ಮೃಗಾಲಯದ ಬರ್ಗೆಸ್ ಬಾರ್ನೆಟ್ಟರೊಡಗೂಡಿ ಹಾವುಗಳ ವಿಷಗಳನ್ನು ಪರೀಕ್ಷಿಸಿದರು. ಕೊಳಕುಮಂಡಲದ ವಿಷವು ಹತ್ತುಸಾವಿರದಲ್ಲೊಂದು ಪಾಲಿನಷ್ಟು ತೆಳುವಾಗಿದ್ದಾಗಲೂ ಆ ರೋಗಿಗಳ ರಕ್ತವನ್ನು ಶೀಘ್ರವಾಗಿ ಹೆಪ್ಪುಗಟ್ಟಿಸಿತು. ಗಾಯಕ್ಕೆ ಹಚ್ಚುವ ಔಷಧವಾಗಿ ಅದು ಬಳಕೆಗೆ ಬಂದಿತು.

ಒಂದೇ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವುದೂ ಹರಿಯಗೊಡುವುದೂ ಹೇಗೆ? ಗಾಯಕ್ಕೆ ಹಚ್ಚಿದ ಹನಿಯು ಅಲ್ಲಿಯ ರಕ್ತವನ್ನು ಮಾತ್ರವೇ ಬಿಗಿಯುವುದು. ಕಡಿತದಿಂದ ದೇಹವನ್ನೆಲ್ಲ ವ್ಯಾಪಿಸಿದ ವಿಷವಾದರೋ ಹೆಪ್ಪುಗಟ್ಟಿಸುವ ದ್ರವ್ಯಗಳನ್ನೇ ಬರಿದುಮಾಡಿಬಿಡುವುದು.

೧೯೪೦ರ ದಶಕದಿಂದ ಆಕ್ಸ್‌ಫರ್ಡಿನಲ್ಲಿ ಇವರ ಕಾರ್ಯವು ಬೆಳೆಯಿತು. ಕುಸುಮರೋಗದಲ್ಲಿ ಎರಡು ಬಗೆಗಳುಂಟೆಂಬುದನ್ನು ೧೯೫೨ರಲ್ಲಿ ರೋಸ್‌ಮೇರಿ ಬಿಗ್ಸ್ ಮೊದಲಾದ ಸಹೋದ್ಯೋಗಿಗಳೊಡನೆ ಸ್ಪಷ್ಟಪಡಿಸಿದರು. ೧೯೫೬ರಲ್ಲಿ ರಾಯಲ್ ಸೊಸೈಟಿಯು ಇವರನ್ನು ಸದಸ್ಯರನ್ನಾಗಿ ಆರಿಸಿತು. ೧೯೬೪ರಲ್ಲಿ ಇವರು ಪ್ರಕಟಿಸಿದ ಸಿದ್ಧಾಂತವು ಚಿರಸ್ಮರಣೀಯವಾದುದು. ಮೇಲಣ ಕೆರೆಯು ಕೋಡಿ ಬಿದ್ದು ಕೆಳಗಣ ಕೆರೆಯನ್ನು ತುಂಬುವಂತೆ, ರಕ್ತದಲ್ಲಿ ಒಂದು ಕಿಣ್ವವು ಮತ್ತೊಂದನ್ನು ಎಚ್ಚರಿಸುವುದು. ಹಂತಹಂತಕ್ಕೂ ಬಲವು ಹೆಚ್ಚಿ ಕಡೆಯಲ್ಲಿ ಹೆಪ್ಪು ಮೂಡುವುದು. ಅಮೆರಿಕದ ಡೇವಿ, ರಾಟ್ನಾಫ್ ಎಂಬ ವಿದ್ವಾಂಸರೂ ಅದೇ ವರ್ಷ ಸ್ವತಂತ್ರವಾಗಿ ಇಂತಹುದೇ ನಿರ್ಣಯಕ್ಕೆ ಬಂದರು. ಕುಸುಮರೋಗಿಗಳಲ್ಲಿ ನಡುವಣ ಒಂದು ಕೆರೆಯೇ ಬತ್ತಿರುವುದು. ಕೊಳಕುಮಂಡಲದ ವಿಷವು ಅದನ್ನು ಬಳಸಿಹೋಗಿ ಕೆಳಗಣ ಹತ್ತನೆಯ ಅಂಶವನ್ನು ನೇರವಾಗಿ ಎಚ್ಚರಿಸುವುದು. ಮೂವತ್ತು ವರ್ಷಗಳ ಹಿಂದೆ ತಾವು ಕಂಡ ವಿಸ್ಮಯಕ್ಕೆ ಹೀಗೆ ಕಾರಣವು ದೊರಕಿತು.

೧೯೬೭ರಲ್ಲಿ ನಿವೃತ್ತರಾಗಿ ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಇವರು ಪೆನಿಸಿಲಿನ್ನಿನ ಫ್ಲೋರಿ, ಫ್ಲೆಮಿಂಗರ ಚರಿತ್ರೆಗಳನ್ನು ಬರೆದು, ೧೯೮೭ರಲ್ಲಿ ಕಾಲವಶರಾದರು.

ಹಾವು ಕಡಿದವರ ರಕ್ತವನ್ನು ಗಾಜಿನ ನಳಿಗೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇರಿಸಿ ನೋಡುವ ಪರೀಕ್ಷೆಯು ಇಂದು ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಹೆಪ್ಪುಗಟ್ಟದಿದ್ದರೆ ಪ್ರತಿವಿಷವನ್ನು ಕೊಡಬೇಕೆಂದು ವೈದ್ಯರು ತಿಳಿಯುವರು. ಆದಕಾರಣ ಕಡಿತವಾದೊಡನೆ ಕಟ್ಟು, ಕೊಯ್ತ, ನಾಟಿಮದ್ದುಗಳಲ್ಲಿ ಹೊತ್ತುಗಳೆಯದೆ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದೇ ಪ್ರಾಣರಕ್ಷಣೆಯ ಮಾರ್ಗವು.