ವಿಶ್ವದ ಆಕಾರಕ್ಕೆ ಲೆಕ್ಕ ಕೇಳಿದ ಪರಂಪರೆ: ಆಚಾರ್ಯ ಜಿನಸೇನ

ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಶಿಗ್ಗಾಂವಿ ದಾಟಿದ ಸ್ವಲ್ಪ ಹೊತ್ತಿಗೆ ಬಂಕಾಪುರ ಸಿಗುತ್ತದೆ. ಒಂದು ದಿಕ್ಕಿಗೆ ಸವಣೂರು, ಇನ್ನೊಂದು ದಿಕ್ಕಿಗೆ ಹಾನಗಲ್ಲ. ಇಂದು ಈ ಊರಿನ ಹೆಸರು ಕೇಳಿದವರಿಗೆ ನೆನಪಾಗುವುದು ಹಳೆಯ ಕೋಟೆ, ನಗರೇಶ್ವರ ದೇವಾಲಯದ ಕಂಬಗಳ ಸಾಲು ಮತ್ತು ನವಿಲುಧಾಮ. ಆದರೆ ಹನ್ನೊಂದು ಶತಮಾನಗಳ ಹಿಂದೆ ಇದೇ ಊರಿನಲ್ಲಿ ಒಂದು ಮಹಾಗ್ರಂಥದ ಸಮಾಪ್ತಿಗೆ ಪೂಜೆ ಸಂದಿತು. ವಿಶ್ವ ಎಷ್ಟು ದೊಡ್ಡದು, ಅದರ ಆಕಾರ ಯಾವುದು, ಅದನ್ನು ಯಾರಾದರೂ ಸೃಷ್ಟಿಸಿದರೇ ಎಂಬ ಪ್ರಶ್ನೆಗಳನ್ನು ಎದುರಿಟ್ಟುಕೊಂಡು ಮೂರು ತಲೆಮಾರಿನ ಗುರುಶಿಷ್ಯರು ನಡೆಸಿದ ವಿದ್ಯಾಸಾಧನೆಯ ಕೊನೆಯ ಫಲ ಅದು. ಆ ಪರಂಪರೆಯ ನಡುವಿನ ಕೊಂಡಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರು, ಆಚಾರ್ಯ ಜಿನಸೇನರು.

ಕಿವಿ ಚುಚ್ಚುವ ಮೊದಲೇ ದೀಕ್ಷೆ

ಜಿನಸೇನ ಎಂಬ ಹೆಸರಿನ ಆಚಾರ್ಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಾರೆ. ಕ್ರಿ.ಶ. 783ರಲ್ಲಿ ಸಂಸ್ಕೃತದ ಹರಿವಂಶ ಪುರಾಣವನ್ನು ಮುಗಿಸಿದ ಜಿನಸೇನರು ಪುನ್ನಾಟ ಸಂಘದವರು, ಅವರು ಬೇರೆ. ನಮ್ಮ ಕಥಾನಾಯಕರು ಪಂಚಸ್ತೂಪಾನ್ವಯಕ್ಕೆ ಸೇರಿದವರು, ಮಹಾಪಂಡಿತ ವೀರಸೇನಾಚಾರ್ಯರ ಶಿಷ್ಯರು. ಹರಿವಂಶ ಪುರಾಣದ ಕರ್ತೃವೇ ತಮ್ಮ ಗ್ರಂಥದ ಆರಂಭದಲ್ಲಿ ಈ ವೀರಸೇನ, ಜಿನಸೇನರಿಬ್ಬರನ್ನೂ ಸ್ಮರಿಸಿದ್ದಾರೆ. ಅಂದರೆ ಎಂಟನೆಯ ಶತಮಾನ ಮುಗಿಯುವ ಮೊದಲೇ ಇವರ ಕೀರ್ತಿ ದೂರದವರೆಗೆ ಹಬ್ಬಿತ್ತು.

ತಮ್ಮ ಬಗ್ಗೆ ಜಿನಸೇನರು ಹೇಳಿಕೊಂಡದ್ದು ಕಡಿಮೆ. ಇರುವಷ್ಟರಲ್ಲಿಯೂ ವಿನಯದ ಜೊತೆಗೆ ನಸುನಗೆಯಿದೆ. ಕಿವಿ ಚುಚ್ಚುವ ಸಂಸ್ಕಾರಕ್ಕೂ ಮುನ್ನವೇ ದೀಕ್ಷೆ ಪಡೆದದ್ದರಿಂದ ತಮ್ಮ ಕಿವಿಯನ್ನು ಜ್ಞಾನವೆಂಬ ಸೂಜಿಯೇ ಚುಚ್ಚಿತೆಂದು ಅವರು ಸೂಚಿಸುತ್ತಾರೆ. ತಾವು ಬಹಳ ರೂಪವಂತರಲ್ಲ, ಬಹಳ ಚತುರರೂ ಅಲ್ಲ. ಆದರೂ ಬೇರೆ ಗತಿಯಿಲ್ಲವೆಂಬಂತೆ ಸರಸ್ವತಿ ತಮ್ಮನ್ನು ಆಶ್ರಯಿಸಿದಳು ಎಂಬುದು ಅವರ ಭಾವ. ದೇಹ ಕೃಶವಾಗಿತ್ತು, ತಪಸ್ಸು ಕೃಶವಾಗಿರಲಿಲ್ಲ.

ಗುರುವಿನ ಲೆಕ್ಕ

ಜಿನಸೇನರನ್ನು ಅರಿಯಬೇಕಾದರೆ ಅವರ ಗುರುವಿನ ಕೆಲಸವನ್ನು ಅರಿಯಬೇಕು. ಷಟ್ಖಂಡಾಗಮವೆಂಬ ಪ್ರಾಚೀನ ಜೈನ ಆಗಮಕ್ಕೆ ವೀರಸೇನರು ಪ್ರಾಕೃತ ಮತ್ತು ಸಂಸ್ಕೃತಗಳು ಬೆರೆತ ಗದ್ಯದಲ್ಲಿ ಧವಲಾ ಎಂಬ ಟೀಕೆಯನ್ನು ಬರೆದರು. 32 ಅಕ್ಷರಗಳನ್ನು ಒಂದು ಶ್ಲೋಕವೆಂದು ಎಣಿಸುವ ರೂಢಿಯಂತೆ ಅದರ ಪ್ರಮಾಣ 72 ಸಾವಿರ ಶ್ಲೋಕ. ಕ್ರಿ.ಶ. 816ರಲ್ಲಿ ಅದು ಮುಗಿಯಿತೆಂಬುದು ಬಹುಮಾನ್ಯವಾದ ಗಣನೆ. ಕರ್ಮಸಿದ್ಧಾಂತವನ್ನು ವಿವರಿಸುವ ಈ ಟೀಕೆಯಲ್ಲಿ ವಿಶ್ವದ ಆಕಾರವನ್ನು ಕುರಿತ ಒಂದು ಅಪೂರ್ವ ಚರ್ಚೆ ಬರುತ್ತದೆ.

ಜೈನ ದರ್ಶನದ ಪ್ರಕಾರ ಜೀವಿಗಳೂ ಜಡವಸ್ತುಗಳೂ ಇರುವ ಪ್ರದೇಶ ಲೋಕ. ಅದರಾಚೆಗೆ ಕೇವಲ ಆಕಾಶವಿರುವ, ಕೊನೆಯಿಲ್ಲದ ಅಲೋಕ. ಲೋಕದ ಎತ್ತರ 14 ರಜ್ಜು. ರಜ್ಜು ಎಂದರೆ ಮನುಷ್ಯರ ಅಳತೆಗೆ ಸಿಗದಷ್ಟು ದೊಡ್ಡ ಮಾನ. ತಳದಲ್ಲಿ ಲೋಕದ ಅಗಲ 7 ರಜ್ಜು. ಮೇಲೇರಿದಂತೆ ಕಿರಿದಾಗುತ್ತ ನಡುವಿಗೆ ಬಂದಾಗ 1 ರಜ್ಜು. ಮತ್ತೆ ಹಿಗ್ಗಿ 5 ರಜ್ಜುವಾಗಿ, ತುದಿಯಲ್ಲಿ ಪುನಃ 1 ರಜ್ಜು. ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಪುರುಷನ ಹೋಲಿಕೆಯನ್ನು ಇದಕ್ಕೆ ಕೊಡುವುದುಂಟು. ಆ ನಡುವಿನ ಭಾಗದಲ್ಲಿಯೇ ನಾವಿರುವ ಜಂಬೂದ್ವೀಪ. ಅದರ ವ್ಯಾಸ 1 ಲಕ್ಷ ಯೋಜನ. ಅದನ್ನು ಸುತ್ತಿ 2 ಲಕ್ಷ ಯೋಜನ ಅಗಲದ ಲವಣಸಮುದ್ರ, ಆಮೇಲೆ 4 ಲಕ್ಷದ ದ್ವೀಪ, 8 ಲಕ್ಷದ ಸಮುದ್ರ. ಹೀಗೆ ಇಮ್ಮಡಿಯಾಗುತ್ತ ಹೋಗುವ ಬಳೆಗಳ ಸಾಲು.

ಇಷ್ಟು ಪರಂಪರೆಯಿಂದ ಬಂದದ್ದು. ಪ್ರಶ್ನೆಯೆಂದರೆ, ಎದುರಿನಿಂದ ನೋಡಿದಾಗ ಹೀಗೆ ಕಾಣುವ ಲೋಕ ಮೃದಂಗದಂತೆ ದುಂಡಾಗಿದೆಯೇ, ಅಥವಾ ಚೌಕ ತಳದ ಮೇಲೆ ನಿಂತಿದೆಯೇ? ದುಂಡು ಎಂದು ಭಾವಿಸಿದವರಿದ್ದರು. ವೀರಸೇನರು ಇದನ್ನು ಲೆಕ್ಕಕ್ಕೆ ಒಡ್ಡಿದರು. ಲೋಕದ ಘನಫಲ 7 ರಜ್ಜುವಿನ ಘನ, ಅಂದರೆ 343 ಘನರಜ್ಜು ಎಂಬುದು ಪರಂಪರೆಯಲ್ಲಿ ಒಪ್ಪಿತವಾದ ಸಂಖ್ಯೆ. ದುಂಡಾದ ಲೋಕದಲ್ಲಿ ಅಷ್ಟು ಹಿಡಿಸುತ್ತದೆಯೇ ಎಂದು ಅವರು ಕೇಳಿದರು. ಶಂಕುವಿನ ತುದಿ ಕತ್ತರಿಸಿದಂಥ ಆಕೃತಿಗಳನ್ನು ತುಂಡುತುಂಡಾಗಿ ಸೀಳಿ, ಉಳಿದ ಚೂರುಗಳನ್ನು ಮತ್ತೆ ಮತ್ತೆ ಸೀಳಿ, ಕೊನೆಯಿಲ್ಲದೆ ಸಾಗುವ ಆ ಮೊತ್ತವನ್ನು ಕೂಡಿಸಿದರು. ಬಂದ ಉತ್ತರ 164 ಘನರಜ್ಜುವಿಗಿಂತ ಸ್ವಲ್ಪ ಹೆಚ್ಚು. ಬೇಕಾದ ಸಂಖ್ಯೆಯ ಅರ್ಧಕ್ಕೂ ಕಡಿಮೆ! ಪರಿಧಿಯನ್ನು ಕಂಡುಹಿಡಿಯಲು ಅವರು ಉಲ್ಲೇಖಿಸಿದ ಸೂತ್ರದಲ್ಲಿ 113 ಎಂಬ ಹಾರಕ ಬರುತ್ತದೆ. 355ನ್ನು 113ರಿಂದ ಭಾಗಿಸಿದರೆ ದೊರೆಯುವ ಪೈ ಬೆಲೆಗೆ ಅದು ಸಮೀಪದ್ದು.

ಇನ್ನು ಅವರು ಸೂಚಿಸಿದ ಆಕಾರವನ್ನು ಓದುಗರೂ ಪರೀಕ್ಷಿಸಬಹುದು. ಪೂರ್ವ-ಪಶ್ಚಿಮದ ಅಗಲ ಮೇಲೆ ಹೇಳಿದಂತೆ ಬದಲಾಗಲಿ. ಉತ್ತರ-ದಕ್ಷಿಣದ ಅಗಲ ಎಲ್ಲೆಡೆ 7 ರಜ್ಜು ಇರಲಿ. ಕೆಳಗಿನ ಅರ್ಧದಲ್ಲಿ 7 ಮತ್ತು 1ರ ಸರಾಸರಿ 4. ಅದನ್ನು 7ರ ಎತ್ತರದಿಂದ, ಮತ್ತೆ 7ರ ಅಗಲದಿಂದ ಗುಣಿಸಿದರೆ 196. ಮೇಲಿನ ಅರ್ಧದಲ್ಲಿ 1 ಮತ್ತು 5ರ ಸರಾಸರಿ 3. ಅದನ್ನೂ ಹಾಗೆಯೇ ಗುಣಿಸಿದರೆ 147. ಎರಡೂ ಕೂಡಿದರೆ ಸರಿಯಾಗಿ 343. ಹೀಗೆ ಸಂಖ್ಯೆಯ ಬಲದಿಂದ ಅವರು ವಿಶ್ವದ ಆಕಾರವನ್ನು ನಿರ್ಣಯಿಸಿದರು. ಮುಂದಿನ ದಿಗಂಬರ ಪಂಡಿತರು ಅದನ್ನೇ ಅನುಸರಿಸಿದರು.

ಅರಸನ ಗುರು

ಧವಲೆಯ ನಂತರ ವೀರಸೇನರು ಕಷಾಯಪ್ರಾಭೃತವೆಂಬ ಇನ್ನೊಂದು ಆಗಮಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿದರು. 20 ಸಾವಿರ ಶ್ಲೋಕಗಳಷ್ಟು ಬರೆಯುವ ಹೊತ್ತಿಗೆ ಅವರ ಬದುಕು ಮುಗಿಯಿತು. ಆ ಭಾರವನ್ನು ಹೊತ್ತವರು ಜಿನಸೇನರು. ಇನ್ನೂ 40 ಸಾವಿರ ಶ್ಲೋಕಗಳಷ್ಟು ಬರೆದು ಶಕವರ್ಷ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಗುರು ಬಿಟ್ಟ ಕೆಲಸದ ಇಮ್ಮಡಿಯಷ್ಟನ್ನು ಶಿಷ್ಯ ಮಾಡಿ ಮುಗಿಸಿದ ಉದಾಹರಣೆ ವಿರಳ.

ಆಗ ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಕ್ರಿ.ಶ. 814ರಿಂದ 878ರವರೆಗೆ ನಡೆದ ಆ ದೀರ್ಘ ಆಳ್ವಿಕೆಯಲ್ಲಿಯೇ ಕವಿರಾಜಮಾರ್ಗ ಹುಟ್ಟಿತು; ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಜಿನಸೇನರ ಪಾದಗಳಿಗೆ ಎರಗಿ ಈ ಅರಸ ತನ್ನನ್ನು ಪವಿತ್ರನೆಂದು ಭಾವಿಸುತ್ತಿದ್ದನೆಂದು ಅವರ ಶಿಷ್ಯ ಗುಣಭದ್ರರು ದಾಖಲಿಸಿದ್ದಾರೆ.

ಜಿನಸೇನರು ಶಾಸ್ತ್ರಕಾರರಷ್ಟೇ ದೊಡ್ಡ ಕವಿ. ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ಒಂದೊಂದಾಗಿ, ಎರಡೆರಡಾಗಿ ತಮ್ಮ ಪದ್ಯಗಳಲ್ಲಿ ಹೆಣೆದು 364 ಪದ್ಯಗಳ ಪಾರ್ಶ್ವಾಭ್ಯುದಯವನ್ನು ರಚಿಸಿದರು. ವಿರಹದ ಕಾವ್ಯ ಅವರ ಕೈಯಲ್ಲಿ ತೀರ್ಥಂಕರ ಪಾರ್ಶ್ವನಾಥನ ಚರಿತೆಯಾಯಿತು. ಒಂಬತ್ತನೆಯ ಶತಮಾನದಲ್ಲಿ ಮೇಘದೂತದ ಪಾಠ ಹೇಗಿತ್ತೆಂಬುದಕ್ಕೆ ಇಂದಿನ ವಿದ್ವಾಂಸರಿಗೂ ಈ ಕೃತಿ ಬಲವಾದ ಆಧಾರ.

ವಿಶ್ವಕ್ಕೆ ಕರ್ತೃವುಂಟೇ?

ಅವರ ಕೊನೆಯ ಸಂಕಲ್ಪ ಮಹಾಪುರಾಣ. ತೀರ್ಥಂಕರರು, ಚಕ್ರವರ್ತಿಗಳು ಮೊದಲಾದ 63 ಶಲಾಕಾಪುರುಷರ ಚರಿತೆಯನ್ನು ಒಂದೇ ಗ್ರಂಥದಲ್ಲಿ ಹೇಳುವ ಯೋಜನೆ ಅದು. ಮೊದಲ ಭಾಗವಾದ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ, ಕಥೆ ವೇಗ ಪಡೆಯುವ ಮುನ್ನ, ಅವರು ಲೋಕದ ಸ್ವರೂಪವನ್ನು ಎತ್ತಿಕೊಳ್ಳುತ್ತಾರೆ. ಕೆಳಗಿನ ಲೋಕ ಬೆತ್ತದ ಪೀಠದಂತೆ, ನಡುವಿನದು ಝಲ್ಲರಿಯಂತೆ, ಮೇಲಿನದು ಮೃದಂಗದಂತೆ ಎಂಬ ಹೋಲಿಕೆಗಳು ಅಲ್ಲಿ ಬರುತ್ತವೆ.

ಅದೇ ಪರ್ವದಲ್ಲಿ ಸೃಷ್ಟಿಕರ್ತನ ಪ್ರಶ್ನೆಯೂ ಬರುತ್ತದೆ. ಲೋಕ ಅನಾದಿ, ಅನಂತ. ಅದನ್ನು ಯಾರೂ ನಿರ್ಮಿಸಿಲ್ಲ, ಯಾರೂ ಅಳಿಸಲಾರರು ಎಂಬುದು ಜಿನಸೇನರ ನಿಲುವು. ಕರ್ತೃವಿದ್ದರೆ ಲೋಕ ಹುಟ್ಟುವ ಮೊದಲು ಅವನು ಎಲ್ಲಿದ್ದ, ಸಾಮಗ್ರಿಯನ್ನು ಎಲ್ಲಿಂದ ತಂದ, ಸಾಮಗ್ರಿ ತಾನಾಗಿ ಇರಬಹುದಾದರೆ ಲೋಕವೇ ತಾನಾಗಿ ಏಕೆ ಇರಬಾರದು, ಪರಿಪೂರ್ಣನಾದವನಿಗೆ ಸೃಷ್ಟಿಸುವ ಆಸೆ ಏಕೆ ಎಂದು ಅವರು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ. ಇದು ಜೈನ ದರ್ಶನದ ವಾದ. ನ್ಯಾಯ ದರ್ಶನದ ಪಂಡಿತರು ಈಶ್ವರನ ಪರವಾಗಿ ಅಷ್ಟೇ ಸೂಕ್ಷ್ಮವಾದ ವಾದಗಳನ್ನು ಕಟ್ಟಿದ್ದಾರೆ. ನಂಬಿಕೆ ಯಾವುದೇ ಇರಲಿ, ಅದಕ್ಕೆ ಕಾರಣ ಕೊಡಬೇಕೆಂಬ ನಿಯಮವನ್ನು ಎರಡೂ ಪಕ್ಷ ಒಪ್ಪಿದ್ದವು.

ಈ ಭಾಗ ಇಂಗ್ಲಿಷಿಗೆ ಅನುವಾದಗೊಂಡು ಸಮುದ್ರ ದಾಟಿತು. ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ಪ್ರಕಟಿಸಿದ ಕಾಸ್ಮೋಸ್ ಪುಸ್ತಕದಲ್ಲಿ, ವಿಶ್ವದ ಆದಿ ಅಂತ್ಯಗಳನ್ನು ಚರ್ಚಿಸುವ ಅಧ್ಯಾಯದ ತಲೆಬರಹದ ಕೆಳಗೆ ಜಿನಸೇನರ ಮಾತುಗಳನ್ನು ಇರಿಸಿದರು. ಮಾನ್ಯಖೇಟದ ರಾಜಗುರುವಿನ ಹೆಸರು ಹೀಗೆ ಲಕ್ಷಾಂತರ ಓದುಗರನ್ನು ತಲುಪಿತು.

ಬಂಕಾಪುರದಲ್ಲಿ ಸಮಾಪ್ತಿ

ಗುರುವಿಗೆ ಆದದ್ದೇ ಶಿಷ್ಯನಿಗೂ ಆಯಿತು. ಆದಿಪುರಾಣದ 42 ಪರ್ವಗಳನ್ನು ಮುಗಿಸಿ, 43ನೆಯ ಪರ್ವದಲ್ಲಿ 3 ಪದ್ಯ ಬರೆಯುವಷ್ಟರಲ್ಲಿ ಜಿನಸೇನರು ದೇಹ ಬಿಟ್ಟರು. ಉಳಿದದ್ದನ್ನು ಗುಣಭದ್ರರು ಕೈಗೆತ್ತಿಕೊಂಡರು. 47ನೆಯ ಪರ್ವಕ್ಕೆ ಆದಿಪುರಾಣವನ್ನು ಮುಗಿಸಿ, ಮಿಕ್ಕ ಮಹಾಪುರುಷರ ಚರಿತೆಯನ್ನು ಉತ್ತರಪುರಾಣವಾಗಿ ರಚಿಸಿದರು.

ಗುಣಭದ್ರರ ಶಿಷ್ಯ ಲೋಕಸೇನರ ಕಾಲಕ್ಕೆ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿಗೆ, ಈ ಮಹಾಪುರಾಣಕ್ಕೆ ಬಂಕಾಪುರದಲ್ಲಿ ಪೂಜೆ ನಡೆಯಿತು. ಮಾನ್ಯಖೇಟದಲ್ಲಿ ಆಗ ಎರಡನೆಯ ಕೃಷ್ಣನ ಆಳ್ವಿಕೆ. ಬನವಾಸಿ ನಾಡನ್ನು ಬಂಕಾಪುರದಿಂದ ನೋಡಿಕೊಳ್ಳುತ್ತಿದ್ದವನು ಲೋಕಾದಿತ್ಯ. ಅಮೋಘವರ್ಷನ ನಚ್ಚಿನ ದಂಡನಾಯಕ ಬಂಕೇಯನ ಮಗ ಅವನು. ಊರಿಗೆ ಹೆಸರು ಬಂದದ್ದು ಆ ಬಂಕೇಯನಿಂದ. ಮುಂದೆಯೂ ಬಂಕಾಪುರ ಜೈನ ವಿದ್ಯೆಯ ನೆಲೆಯಾಗಿ ಉಳಿಯಿತು. ಗಂಗ ದೊರೆ ಇಮ್ಮಡಿ ಮಾರಸಿಂಹ 974ರ ಸುಮಾರಿಗೆ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ಪ್ರಾಣಬಿಟ್ಟದ್ದು ಇಲ್ಲಿಯೇ.

ಕನ್ನಡ ಸಾಹಿತ್ಯಕ್ಕೆ ಮಹಾಪುರಾಣ ತಾಯಿಬೇರು. ಪಂಪ 941ರಲ್ಲಿ ಕನ್ನಡದ ಆದಿಪುರಾಣವನ್ನು ಬರೆದದ್ದು ಜಿನಸೇನರನ್ನು ಅನುಸರಿಸಿ. 978ರ ಚಾವುಂಡರಾಯ ಪುರಾಣದ ಮೂಲವೂ ಇದೇ ಗ್ರಂಥ.

ಓಲೆಗರಿಯಿಂದ ಅಚ್ಚಿಗೆ

ಧವಲಾ, ಜಯಧವಲಾ ಟೀಕೆಗಳು ನಮಗೆ ದಕ್ಕಿದ್ದು ಕನ್ನಡಿಗರ ಜೋಪಾನದಿಂದ. ಹಳಗನ್ನಡ ಲಿಪಿಯ ಓಲೆಗರಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದವು, ಓದಿಗೆ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರತಿಗಳು ಸಿದ್ಧವಾದವು. 1939ರಿಂದ 1958ರವರೆಗೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆ 16 ಸಂಪುಟಗಳಲ್ಲಿ ಅಚ್ಚಾಯಿತು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ವಿದ್ವಾಂಸ ಆ.ನೇ. ಉಪಾಧ್ಯೆ ಅವರ ನೆರವೂ ಆ ಕಾರ್ಯಕ್ಕಿತ್ತು. ವೀರಸೇನರ ವಿಶ್ವಗಣಿತ ಲೋಕಕ್ಕೆ ತಿಳಿದದ್ದು ಆಮೇಲೆ.

ಇಂದಿನ ವಿಜ್ಞಾನದ ಎದುರು

ಪ್ರಾಚೀನರು ಎಲ್ಲವನ್ನೂ ಮೊದಲೇ ಬಲ್ಲವರಾಗಿದ್ದರೆಂದು ಹೇಳುವ ಚಪಲ ಇಂಥ ಕಡೆ ಸುಲಭವಾಗಿ ಹುಟ್ಟುತ್ತದೆ. ಅದು ಜಿನಸೇನರಿಗೆ ಸಲ್ಲುವ ಗೌರವವಲ್ಲ. ಇಂದಿನ ವಿಜ್ಞಾನದ ಪ್ರಕಾರ ನಮಗೆ ಕಾಣಬಹುದಾದ ವಿಶ್ವದ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದು ಹಿಗ್ಗತೊಡಗಿ ಸುಮಾರು 1,380 ಕೋಟಿ ವರ್ಷಗಳಾದವು. ಅದಕ್ಕೆ ಸೊಂಟವಿಲ್ಲ, ನಡುವಿನಲ್ಲಿ ಮೇರುಪರ್ವತವಿಲ್ಲ. ಇಂದಿನ ಚಿತ್ರಕ್ಕೂ ಅನಾದಿಯಾದ ಲೋಕದ ಕಲ್ಪನೆಗೂ ಹೊಂದಿಕೆಯಿಲ್ಲ.

ಹೋಲಿಕೆ ಇರುವುದು ಪ್ರಶ್ನೆ ಕೇಳುವ ಬಗೆಯಲ್ಲಿ. ವಿಶ್ವದ ಆಕಾರವನ್ನು ಇಂದಿನ ವಿಜ್ಞಾನಿಗಳೂ ಹೊರಗೆ ನಿಂತು ನೋಡಿಲ್ಲ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ಹೊರಟ ಬೆಳಕು ಈಗ ಸೂಕ್ಷ್ಮತರಂಗಗಳಾಗಿ ನಮ್ಮನ್ನು ತಲುಪುತ್ತಿದೆ. ಅದರಲ್ಲಿನ ಬಿಸಿ, ತಂಪು ಮಚ್ಚೆಗಳು ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತವೆ ಎಂದು ಅಳೆದು, ಆ ಮಹಾ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಯೇ ಎಂದು ಪರೀಕ್ಷಿಸುತ್ತಾರೆ. 2009ರಲ್ಲಿ ಹಾರಿಬಿಟ್ಟ ಪ್ಲಾಂಕ್ ಉಪಗ್ರಹದ ಮಾಹಿತಿಯನ್ನು ಇತರ ಅಳತೆಗಳೊಂದಿಗೆ ಸೇರಿಸಿ ನೋಡಿದಾಗ ವಿಶ್ವ ಬಾಗಿಲ್ಲ, ಶಾಲೆಯಲ್ಲಿ ಕಲಿತ ಸಮತಲದ ರೇಖಾಗಣಿತವೇ ಅದಕ್ಕೂ ಹೊಂದುತ್ತದೆ ಎಂದು ಕಂಡುಬಂದಿದೆ. ಆಕಾರವನ್ನು ಊಹಿಸು, ಲೆಕ್ಕ ಹಾಕು, ಹೊಂದದಿದ್ದರೆ ಬಿಡು ಎಂಬ ಕ್ರಮ ಎರಡೂ ಕಡೆ ಒಂದೇ. ವೀರಸೇನರಿಗೆ ಪರೀಕ್ಷೆಗೆ ಸಿಕ್ಕ ಸಂಖ್ಯೆ ಪರಂಪರೆಯದು. ಇಂದಿನವರದು ಉಪಕರಣ ಕೊಟ್ಟ ಸಂಖ್ಯೆ. ಆ ಅಂತರ ದೊಡ್ಡದೇ.

ಆದರೂ ಒಂದು ಮಾತು ಉಳಿಯುತ್ತದೆ. ಒಬ್ಬರ ಆಯುಷ್ಯಕ್ಕೆ ಮೀರಿದ ಪ್ರಶ್ನೆಯನ್ನು ಎತ್ತಿಕೊಂಡ ವೀರಸೇನರು ಅದನ್ನು ಅರ್ಧಕ್ಕೆ ಬಿಟ್ಟು ಹೋಗಲು ಅಂಜಲಿಲ್ಲ. ಮುಂದುವರಿಸಲು ಜಿನಸೇನರಿದ್ದರು, ಅವರ ಬಳಿಕ ಗುಣಭದ್ರರಿದ್ದರು. ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರಿನ ಶಾಲೆಗಳಲ್ಲಿ ಇಂದು ಘನಫಲದ ಪಾಠ ಓದುವ ಮಕ್ಕಳಿಗೆ, ತಮ್ಮ ಜಿಲ್ಲೆಯ ಬಂಕಾಪುರದಲ್ಲಿ ಪೂಜೆಗೊಂಡ ಗ್ರಂಥದ ಹಿಂದೆ ಇಡೀ ವಿಶ್ವದ ಘನಫಲ ಹಾಕಿದ ಗುರುವೊಬ್ಬರು ಇದ್ದರೆಂದು ಹೇಳಬೇಕು. 343ರ ಆ ಲೆಕ್ಕವನ್ನು ಮಕ್ಕಳು ಕಪ್ಪುಹಲಗೆಯ ಮೇಲೆ ತಾವೇ ಬಿಡಿಸಿ ನೋಡಬಲ್ಲರು.